ಜಡೆಯಪ್ಪನ ಕಾಲಿಗೆ ಬಂದ ದೇವರು

ಜಡೆಯಪ್ಪನನ್ನು ನೋಡಲು ಬಂದವರಲ್ಲಿ ಒಬ್ಬರೂ ಜಡೆಯಪ್ಪನನ್ನು ನೋಡಲಿಲ್ಲ. ಎಲ್ಲರೂ ಅವನ ಕಾಲು ನೋಡಿ ಹೋದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವುದು, ಮಂಚದ ಕಾಲುದೆಸೆಗೆ ನಿಲ್ಲುವುದು, ಹೊದಿಕೆ ಸರಿಸಿ ಸಂತೆಯಲ್ಲಿ ಕುರಿಯ ತೊಡೆ ಹಿಚುಕಿ ನೋಡುವವರ ಹಾಗೆ ಒಂದು ಸಲ ಹಿಚುಕುವುದು, "ಪಾವಂ" ಅನ್ನುವುದು. ನಮ್ಮ ಕಡೆ ಮನೆಯಲ್ಲಿ ಕನ್ನಡ ಆಡುವವರು ಕೂಡ ಮರುಕಕ್ಕೆ ಮಾತ್ರ ತಮಿಳನ್ನೇ ಎತ್ತಿಕೊಳ್ಳುತ್ತಾರೆ. ಅಷ್ಟು ಅಂದುಬಿಟ್ಟರೆ ಬಂದ ಕೆಲಸ ಮುಗಿಯಿತು. ಆಮೇಲೆ ಅವನ ಹೆಂಡತಿ ಅಂಕಮ್ಮ ಕೊಟ್ಟ ಕಾಫಿ ಕುಡಿದು, ಮಲಗಿದ್ದವನ ತಲೆಯ ಮೇಲಿಂದಲೇ ಅವಳೊಂದಿಗೆ ಮಾತಾಡುತ್ತಿದ್ದರು. "ಊಟ ಮಾಡ್ತಾನಾ?" "ಮಾತಾಡ್ತಾನಾ?" ಮುರಿದದ್ದು ಬೆನ್ನು, ನಾಲಿಗೆಯಲ್ಲ ಎಂಬುದು ಅವರಿಗೆ ಹೊಳೆಯುತ್ತಿರಲಿಲ್ಲ.

ನಮ್ಮ ಕಲ್ಲಹಟ್ಟಿ ತಮಿಳು ಸೀಮೆಯಲ್ಲಿ, ಮೆಟ್ಟೂರಿನಿಂದ ತೊಪ್ಪೂರಿಗೆ ಹೋಗುವ ರಸ್ತೆಯ ಪಕ್ಕ, ಒಂದು ದಿಣ್ಣೆಯ ಮೇಲಿದೆ. ಜಡೆಯಪ್ಪನ ಮನೆ ನಮ್ಮ ಮನೆಗೆ ಎದುರು. ಅವನು ಹುಣಸೆಮರ ಬಡಿಯುವವನು. ರಸ್ತೆಯ ಎರಡು ಕಡೆಯ ಹುಣಸೆಮರಗಳನ್ನು ವರ್ಷವರ್ಷ ಹರಾಜಿನಲ್ಲಿ ಹಿಡಿದವರು ಮೊದಲು ಬಂದು ಕರೆಯುತ್ತಿದ್ದದ್ದು ಅವನನ್ನೇ. ಬೇರೆಯವರು ಕೆಳಗೆ ನಿಂತು ಗಳದಲ್ಲಿ ಬಡಿದರೆ ಇವನು ತುದಿಗೊಂಬೆಯವರೆಗೆ ಹತ್ತಿ, ಮೇಲಿನ ಕೊಂಬೆ ಹಿಡಿದು, ಕಾಲಿನಲ್ಲಿ ಕೆಳಗಿನ ಕೊಂಬೆಯನ್ನು ಅದುರಿಸುತ್ತಿದ್ದ. ಕಾಯಿ ಮಳೆಯಂತೆ ಸುರಿಯುತ್ತಿತ್ತು. ತೊಂಬತ್ನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಅಂಥ ಒಂದು ಕೊಂಬೆ ಮುರಿಯಿತು.

ಬಿದ್ದವನನ್ನು ನಮ್ಮೂರಿನ ಗಂಡಸರು ಇಬ್ಬರು ಕೈ, ಇಬ್ಬರು ಕಾಲು ಹಿಡಿದು, ನಡು ಜೋತಾಡುವಂತೆ ಎತ್ತಿ, ರಾಗಿ ಮೂಟೆ ಎಸೆದಂತೆ ಲಾರಿಗೆ ಹಾಕಿದರು. "ನಾವಿಲ್ಲದಿದ್ರೆ ಸತ್ತೋಗ್ತಿದ್ದ" ಎಂದು ಆ ನಾಲ್ವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಮರದಿಂದ ಬಿದ್ದಾಗ ಎಷ್ಟು ಮುರಿದಿತ್ತು, ಇವರು ಎತ್ತಿದಾಗ ಎಷ್ಟು ಮುರಿಯಿತು ಎಂದು ಕೇಳಲು ಹೋಗಬಾರದು. ಉಪಕಾರ ಮಾಡಿದವರಿಗೆ ಕೋಪ ಬರುತ್ತದೆ.

ವೇಲೂರಿನ ಕಡೆಯ ಒಂದು ಆಸ್ಪತ್ರೆಯಲ್ಲಿ ಗಂಡ ಹೆಂಡತಿ ತಿಂಗಳುಗಟ್ಟಲೆ ಇದ್ದರು. ಸೊಂಟದಿಂದ ಕೆಳಗೆ ಇನ್ನು ಬರುವುದಿಲ್ಲ ಎಂದು ಅಲ್ಲಿಯವರು ಸುತ್ತಿ ಬಳಸದೆ ಹೇಳಿದರು. ಹೇಳಿ, ಬದುಕುವುದನ್ನು ಕಲಿಸಿದರು. ಕೂತಲ್ಲೇ ಕೂತರೆ ಚರ್ಮ ಸಾಯುತ್ತದೆ, ಆಗಾಗ ಎರಡು ಕೈ ಊರಿ ಮೈ ಎತ್ತಿ ಇಳಿಸಬೇಕು. ದಿನಾ ಬೆಳಿಗ್ಗೆ ಕನ್ನಡಿ ಹಿಡಿದು ಪಿರ್ರೆ ನೋಡಿಕೊಳ್ಳಬೇಕು, ಎಲ್ಲಾದರೂ ಕೆಂಪಾಗಿದ್ದರೆ ಆ ಪಕ್ಕ ಊರಬಾರದು. ಉಚ್ಚೆ ಬಂದದ್ದು ತಿಳಿಯುವುದಿಲ್ಲವಾದ್ದರಿಂದ ಹೊತ್ತು ಹೊತ್ತಿಗೆ ಸಣ್ಣ ಟ್ಯೂಬು ಹಾಕಿ ತೆಗೆಯಬೇಕು. ಕಾಲು ಒಮ್ಮೊಮ್ಮೆ ತಾನಾಗಿ ಒದೆಯುತ್ತದೆ, ನಡುಗುತ್ತದೆ. ಹೆದರಬೇಡ, ಆಸೆಯನ್ನೂ ಪಡಬೇಡ, ಅದು ಬೆನ್ನಿನ ನರದ ಚೇಷ್ಟೆ. ಉಚ್ಚೆ ಕಟ್ಟಿದರೆ, ಹುಣ್ಣಾದರೆ, ತಣ್ಣನೆಯದು ತಾಗಿದರೆ ಅದು ಹೆಚ್ಚುತ್ತದೆ. ಇಷ್ಟನ್ನೂ ಅಂಕಮ್ಮ ಶಾಲೆ ಮೆಟ್ಟಿಲು ಹತ್ತದವಳು ಬಾಯಿಪಾಠ ಮಾಡಿಕೊಂಡು ಬಂದಳು.

ಊರಿಗೆ ಬಂದ ಮೇಲೆ ಅವಳಿಗಿಂತ ಹೆಚ್ಚು ತಿಳಿದವರು ಪ್ರತಿ ಮನೆಯಲ್ಲೂ ಹುಟ್ಟಿಕೊಂಡರು. ಅವರಲ್ಲಿ ದೊಡ್ಡವಳು ದೊಡ್ಡಕ್ಕ. ಹೆಸರೇ ದೊಡ್ಡಕ್ಕ, ಊರಿಗೆಲ್ಲ ಅಕ್ಕ. ಯಾರ ಮನೆಯಲ್ಲಿ ಯಾರಿಗೆ ಏನಾದರೂ ಮೊದಲು ಅಳುವವಳೂ ಅವಳೇ, ಕೊನೆಗೆ ಊಟ ಮಾಡಿ ಹೋಗುವವಳೂ ಅವಳೇ. ಅಂಕಮ್ಮ ನೀರಿಗೆ ಹೋಗಿದ್ದಾಗ ಬಂದು, ಮರಳು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, "ಮಲಗಿರೋ ಕಾಲು ಎಬ್ಬಿಸ್ತೀನಿ" ಎಂದು ಅವನ ಮೀನಖಂಡಕ್ಕೆ ಕಟ್ಟಿದಳು. ಜಡೆಯಪ್ಪ ನಿದ್ದೆಯಲ್ಲಿದ್ದ. ಎಚ್ಚರವಾಗಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ. ಅಂಕಮ್ಮ ಕೊಡ ಇಳಿಸುವ ಹೊತ್ತಿಗೆ ಚರ್ಮ ಸುಟ್ಟು ಬೊಬ್ಬೆ ಎದ್ದಿತ್ತು.

"ಅವನೇನೂ ಕೂಗ್ಲಿಲ್ಲ ಕಣಮ್ಮಿ," ಎಂದಳು ದೊಡ್ಡಕ್ಕ, ತಪ್ಪು ಅವನದೇ ಎನ್ನುವ ಹಾಗೆ.

ಅಂಕಮ್ಮ ಗಂಟನ್ನು ಬೀದಿಗೆ ಎಸೆದಳು. "ಅಕ್ಕಾ, ಇನ್ನೊಂದ್ಸಲ ನೀನು ಒಳಗೆ ಬರೋದಾದ್ರೆ ಬರೀ ಕೈಯಾಗೆ ಬಾ."

ಆ ಸುಟ್ಟಗಾಯ ಆರಲು ಮಳೆಗಾಲ ಕಳೆಯಬೇಕಾಯಿತು. ದೊಡ್ಡಕ್ಕ ಊರೆಲ್ಲ ಅಂಕಮ್ಮನ ಬಾಯಿಯ ಬಗ್ಗೆ ಹೇಳಿಕೊಂಡು ಬಂದಳು. ಗಾಯದ ಬಗ್ಗೆ ಹೇಳಲಿಲ್ಲ.

ಟೌನಿನ ಒಂದು ಸಂಘದವರು ಅವನಿಗೆ ಗಾಲಿಕುರ್ಚಿ ಕೊಟ್ಟರು. ಕೊಟ್ಟರು ಎಂದರೆ, ಒಂದು ಕಲ್ಯಾಣ ಮಂಟಪಕ್ಕೆ ಕರೆಸಿ, ಬಿಸಿಲು ಇಳಿಯುವವರೆಗೆ ಕಾಯಿಸಿ, ಮೆಟ್ಟಿಲಿದ್ದ ವೇದಿಕೆಗೆ ಇಬ್ಬರು ಹೊತ್ತೊಯ್ದು, ಅವನನ್ನು ಮೊದಲು ನೆಲದ ಮೇಲೆ ಕೂರಿಸಿದರು. ಯಾಕೆಂದರೆ ನೆಲದಿಂದ ಕುರ್ಚಿಗೆ ಎತ್ತುವುದು ಫೋಟೋದಲ್ಲಿ ಬರಬೇಕಿತ್ತು. ಸಂಘದ ಅಧ್ಯಕ್ಷರು ತಮ್ಮ ಹಾರ ತೆಗೆದು ಅವನಿಗೆ ಹಾಕಿದರು. ಫೋಟೋ ಆದ ಮೇಲೆ ವಾಪಸ್ ತೆಗೆದುಕೊಂಡರು. ಅವನ ಊರಲ್ಲಿ ಆ ಕುರ್ಚಿ ಎಲ್ಲಿ ಓಡುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಮನೆಯ ಮುಂದಿನ ಬೀದಿಯಲ್ಲಿ ಓಡುತ್ತಿತ್ತು. ಬೀದಿಯ ಕೊನೆಗೆ ಹೋಗಿ ನಿಲ್ಲುತ್ತಿತ್ತು.

ಅಲ್ಲಿ ಮೂರು ಕಲ್ಲಿನ ಮೆಟ್ಟಿಲುಗಳಿವೆ. ಎರಡು ಗೋಡೆಗಳ ನಡುವೆ ಈ ತುದಿಯಿಂದ ಆ ತುದಿಗೆ ಹಾಸಿದ ಚಪ್ಪಡಿಗಳು. ಹಟ್ಟಿಯಿಂದ ಟಾರು ರಸ್ತೆಗೆ ಇಳಿಯಲು ಅದೊಂದೇ ದಾರಿ. ಅದರ ನಡುಕಲ್ಲನ್ನು ಅಪ್ಪನ ಕಲ್ಲು ಎನ್ನುತ್ತಾರೆ. ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಹೊರಡುವವರು ಅದರ ಮೇಲೆ ಕರ್ಪೂರ ಹಚ್ಚಿ ಹೊರಡುತ್ತಾರೆ. ನಾನೂ ಹಚ್ಚಿದ್ದೇನೆ. ತಿಂಗಳಲ್ಲಿ ಒಂದು ದಿನ ಅದು ಅಪ್ಪನ ಕಲ್ಲು. ಮಿಕ್ಕ ದಿನ ಅದರ ಮೇಲೆ ಎಲೆಯಡಿಕೆ ಉಗಿಯುತ್ತಾರೆ, ನಾಯಿ ಮಲಗುತ್ತದೆ, ಇಸ್ಪೀಟು ಆಡುತ್ತಾರೆ.

ತೊಪ್ಪೂರಿನಿಂದ ಶಿವರಾಮನ್ ಬಂದದ್ದು ಆಗ. ಅವನು ಲಾರಿ ಡ್ರೈವರಾಗಿದ್ದವನು; ತೊಪ್ಪೂರು ಘಾಟಿಯಲ್ಲಿ ಲಾರಿ ಉರುಳಿ ಅವನ ಬೆನ್ನೂ ಹೀಗೇ ಹೋಗಿತ್ತು. ಈಗ ಎಸ್‌ಟಿಡಿ ಬೂತ್ ಇಟ್ಟುಕೊಂಡಿದ್ದ. ಆಸ್ಪತ್ರೆಯಲ್ಲಿ ಪಕ್ಕದ ಮಂಚದವನು. ಹಳೆಯ ಲಾರಿ ಸ್ನೇಹಿತರು ಅವನನ್ನು ಕೈಯಲ್ಲಿ ತುಳಿಯುವ ಮೂರು ಗಾಲಿಯ ಸೈಕಲ್ ಸಮೇತ ಲಾರಿಯಲ್ಲಿ ಹಾಕಿಕೊಂಡು ಬಂದು ಇಳಿಸಿದರು. ಬಂದವನು ಕಾಲು ನೋಡಲಿಲ್ಲ. "ತಂಬಿ, ಪಿರ್ರೆ ಎಂಗೈತೆ? ತೋರ್ಸು," ಎಂದ. ನೋಡಿ, "ಪರವಾಯಿಲ್ಲೆ. ಅಂಕಮ್ಮ ನಿನ್ನ ಪುಣ್ಯ," ಎಂದ. ಲಾರಿ ಟ್ಯೂಬನ್ನು ಕತ್ತರಿಸಿ ಅಂಟಿಸಿ, ಕಾಲುಭಾಗ ಮಾತ್ರ ಗಾಳಿ ತುಂಬಿ, ಕುರ್ಚಿಗೆ ಮೆತ್ತೆ ಮಾಡುವುದನ್ನು ತೋರಿಸಿಕೊಟ್ಟ. ಜಡೆಯಪ್ಪ ಅದನ್ನು ಒಂದೇ ಸಲಕ್ಕೆ ಕಲಿತ, ಶಿವರಾಮನ್‌ಗಿಂತ ನಯವಾಗಿ ಅಂಟಿಸಿದ.

"ಏಂಡಾ, ಕೈ ಇಷ್ಟು ಚೆನ್ನಾಗೈತೆ, ಮನೇಲಿ ಕೂತು ಸೂರು ಎಣಿಸ್ತಾ ಇದೀಯಾ? ರೋಡ್ ಪಕ್ಕ ಪಂಚರ್ ಅಂಗಡಿ ಆಕು. ಮೇಚೇರಿ ಬಿಟ್ರೆ ತೊಪ್ಪೂರುವರೆಗೂ ಪಂಚರ್ ಆಕೋನು ಒಬ್ನೂ ಇಲ್ಲ."

ಅವತ್ತಿನಿಂದ ಜಡೆಯಪ್ಪನ ಮುಖ ಬೇರೆಯಾಯಿತು. ಹತ್ತಿ ಬಿದ್ದ ಆ ಹುಣಸೆಮರದ ಕೆಳಗೇ ಅಂಗಡಿ ಎಂದು ನಿಶ್ಚಯ ಮಾಡಿಕೊಂಡ. ಬೇಕಾದದ್ದು ಒಂದೇ, ಯಾರ ಕೈಯನ್ನೂ ಕಾಯದೆ ರಸ್ತೆಗೆ ಇಳಿಯುವ ದಾರಿ. ಮೆಟ್ಟಿಲ ಒಂದು ಪಕ್ಕಕ್ಕೆ ಮಣ್ಣು ಸಿಮೆಂಟು ಹಾಕಿ ಇಳಿಜಾರು ಮಾಡಿದರೆ ಸಾಕಿತ್ತು.

ಊರಿನ ದೊಡ್ಡ ಮನುಷ್ಯ ಸುಬ್ಬರಾಯನ್. ಹುಟ್ಟಿದಾಗ ಸುಬ್ಬರಾಯ, ಪಾರ್ಟಿಯ ಶಾಲು ಹಾಕಿಕೊಂಡ ಮೇಲೆ ಹೆಸರಿನ ತುದಿಗೆ ಬಾಲ ಬಂತು. ಜಡೆಯಪ್ಪನಿಗೆ ದೂರದ ಮಾವನೂ ಆಗಬೇಕು. ಇಸ್ಪೀಟಾಡುತ್ತಾ ಅಪ್ಪನ ಕಲ್ಲಿನ ಮೇಲೆಯೇ ಕೂತಿದ್ದಾಗ ಜಡೆಯಪ್ಪ ಕುರ್ಚಿ ತಳ್ಳಿಕೊಂಡು ಹೋಗಿ ಕೇಳಿದ.

"ಏನ್ಲಾ ಜಡಿಯಾ, ಅಪ್ಪನ ಕಲ್ಲಿಗೆ ಮಣ್ಣಾಕು ಅಂತೀಯಾ?"

"ಪೂರಾ ಬ್ಯಾಡ ಮಾಮ. ಒಂದು ಪಕ್ಕಕ್ಕೆ, ನನ್ ಕುರ್ಚಿ ಇಳಿಯೋವಷ್ಟು."

"ಇವತ್ತು ಒಂದು ಪಕ್ಕ ಅಂತೀಯಾ. ದೇವರ ಇಸ್ಯ. ನಿನ್ನ ಇಡೀ ಊರೇ ಮಗು ತರ ನೋಡ್ಕೊಳ್ತೈತೆ, ಅಂತಾದ್ರಾಗೆ ನಿಂಗೆ ಯಾಕಪ್ಪ ದಾರಿ? ನಾವೆಲ್ಲ ಸತ್ತೋಗಿದೀವಾ? ಬೆಳಿಗ್ಗೆ ಇಬ್ರು ಬಂದು ಎತ್ತಿ ಇಳಿಸ್ತಾರೆ, ಸಾಯಂಕಾಲ ಎತ್ತಿ ತರ್ತಾರೆ." ಸುತ್ತ ಕೂತವರೆಲ್ಲ ತಲೆಯಾಡಿಸಿದರು. ಎತ್ತುವವರು ಬೇರೆ ಯಾರೋ ಇರುತ್ತಾರೆಂದು ಪ್ರತಿಯೊಬ್ಬರಿಗೂ ಧೈರ್ಯವಿತ್ತು.

ಕೆಲವು ದಿನ ಎತ್ತಿದರು. ಹೊಸ ಪುಣ್ಯ, ಹುಮ್ಮಸ್ಸು. ಆಮೇಲೆ ಒಬ್ಬನಿಗೆ ಸೊಂಟ ಹಿಡಿಯಿತು, ಒಬ್ಬನಿಗೆ ಮೆಟ್ಟೂರಿನ ಮಿಲ್ಲಿನಲ್ಲಿ ಶಿಫ್ಟು ಬಂತು, ಮಿಕ್ಕವರು ಅವನನ್ನು ಕಂಡರೆ ಕೊಳವೆಬಾವಿಯ ಹಿಂದೆ ಮರೆಯಾಗತೊಡಗಿದರು. ಒಂದು ಸಾಯಂಕಾಲ ಎಲ್ಲರೂ ಮರೆತರು. ಕಲ್ಲಿನ ಪಕ್ಕ, ನಾಯಿಯ ಜೊತೆ ಅವನು ಕಾದಿದ್ದನ್ನು ನೋಡಿ ಅಂಕಮ್ಮ ತಾನೇ ಬೆನ್ನ ಮೇಲೆ ಹೊತ್ತುಕೊಂಡು ಬಂದಳು. ಮಾರನೆಯ ದಿನ ಸುಬ್ಬರಾಯನ್, "ಹೆಂಗಸಿನ ಬೆನ್ನ ಮೇಲೆ ಕೂತು ಬರೋಕೆ ನಾಚಿಕೆ ಆಗಲ್ವೇನ್ಲಾ?" ಎಂದು ನಕ್ಕ. ಶಿವರಾಮನ್ ಲಾರಿಯ ಒಂದು ಉದ್ದ ಹಲಗೆ ಕಳಿಸಿಕೊಟ್ಟಿದ್ದ. ಮೆಟ್ಟಿಲಿಗೆ ಒರಗಿಸಿ ಇಳಿಯಲು. ಅಮಾವಾಸ್ಯೆಗೆ ಅಡ್ಡಿ ಎಂದು ಅದನ್ನು ಎತ್ತಿಟ್ಟರು. ಎತ್ತಿಟ್ಟದ್ದು ಸುಬ್ಬರಾಯನ್‌ನ ಎಮ್ಮೆ ಕೊಟ್ಟಿಗೆಗೆ ಬಾಗಿಲಾಯಿತು.

ಆ ಅಮಾವಾಸ್ಯೆಯ ದಿನವೇ ದೇವರು ಬಂದದ್ದು.

ಬೆಟ್ಟಕ್ಕೆ ಹೊರಟವರು ಕಲ್ಲಿನ ಸುತ್ತ ಸೇರಿದ್ದರು. ಅವತ್ತಿನ ಪುಣ್ಯಕ್ಕೆಂದು ಜಡೆಯಪ್ಪನನ್ನು ಎತ್ತಿಕೊಂಡಿದ್ದ ಇಬ್ಬರು ಗುಂಪಿನ ನಡುವೆ ದಾರಿ ಸಿಗದೆ ಅವನನ್ನು ಕಲ್ಲಿನ ಮೇಲೇ ಕೂರಿಸಿ ಕೈಮುಗಿಯಲು ನಿಂತರು. ಆಗಷ್ಟೇ ನೀರು ಹೊಯ್ದು ತೊಳೆದ ಕಲ್ಲು. ಆ ತಣ್ಣಗಿನದು ತಾಗಿದ್ದೇ ಅವನ ಎರಡು ಕಾಲೂ ಪಟಪಟ ನಡುಗಿದವು, ಎಡಗಾಲು ನೆಟ್ಟಗೆ ಎದ್ದು ಕರ್ಪೂರದ ತಟ್ಟೆಯನ್ನು ಒದೆಯಿತು.

"ಬಂದ! ಅಪ್ಪ ಬಂದ!" ಎಂದು ದೊಡ್ಡಕ್ಕ ಕಿರುಚಿದಳು.

"ಅಕ್ಕಾ, ಇದು ನರ—" ಎಂದ ಜಡೆಯಪ್ಪ.

"ಉಘೇ! ಉಘೇ ಮಾದಪ್ಪ!" ಜನ ನೆಲಕ್ಕೆ ಬಿದ್ದರು.

ಜಡೆಯಪ್ಪ ಎಂಬ ಹೆಸರು ಜಡೆಯ ಮಾದಪ್ಪನದೇ ಅಲ್ಲವೇ? ಬೀಳುವ ಮುಂಚೆ ಆ ಕಾಲು ಮರಗಳನ್ನೇ ಅದುರಿಸುತ್ತಿತ್ತಲ್ಲವೇ? ಸಾಯಬೇಕಾದವನು ಯಾಕೆ ಉಳಿದ? ಒಂದು ಹೊತ್ತಿನೊಳಗೆ ಎಲ್ಲಕ್ಕೂ ಅರ್ಥ ಸಿಕ್ಕಿಬಿಟ್ಟಿತು. ವೇಲೂರಿನ ಡಾಕ್ಟರು ಹೇಳಿದ್ದು, ಅಂಕಮ್ಮ ಹೇಳಿದ್ದು, ಖುದ್ದು ಅವನೇ ಹೇಳಿದ್ದು ಯಾವುದೂ ಯಾರಿಗೂ ಬೇಕಾಗಲಿಲ್ಲ. "ದೇವರು ಅಂಗೇ ಅನ್ನಾದು. ನಮ್ಮ ಭಕ್ತಿ ಪರೀಕ್ಷೆ ಮಾಡ್ತೈತೆ," ಎಂದಳು ದೊಡ್ಡಕ್ಕ.

ನಾನು ಬುದ್ಧಿ ಬಂದಾಗಿನಿಂದ ಮಾದಪ್ಪನಿಗೆ ಸೋಮವಾರ ಒಂದು ಹೊತ್ತು ಇರುವವಳು. ಏಳು ಮಲೆಯ ಒಡೆಯನಿಗೆ ಬೇರೆ ಕೆಲಸವಿಲ್ಲದೆ ಒಬ್ಬ ಬಡವನ ಸತ್ತ ನರದೊಳಗೆ ನುಗ್ಗಿ ಕೂತು ದೊಡ್ಡಕ್ಕನ ಕಳೆದುಹೋದ ಕೋಳಿ ಎಲ್ಲಿ ಎಂದು ಹೇಳುತ್ತಾನೆಂದು ನಂಬುವುದಕ್ಕೆ ಭಕ್ತಿ ಬೇಕಿಲ್ಲ, ಭಕ್ತಿ ಇಲ್ಲದಿದ್ದರೇ ಸುಲಭ.

ಈಗ ಎತ್ತಲು ಜನ ಮುಗಿಬಿದ್ದರು. ಸೊಂಟ ಹಿಡಿದವನ ಸೊಂಟ ಬಿಟ್ಟಿತು. ಬೆಳಗಾದರೆ ಬಾಗಿಲಲ್ಲಿ ನಾಲ್ಕು ಹೆಗಲು. ಆದರೆ ಹೊತ್ತೊಯ್ಯುತ್ತಿದ್ದದ್ದು ಹುಣಸೆಮರಕ್ಕಲ್ಲ, ಅಪ್ಪನ ಕಲ್ಲಿಗೆ. ದೇವರಿಗೆ ಟ್ಯೂಬಿನ ಮೆತ್ತೆ ಬೇಡವೆಂದು ಬರೀ ಕಲ್ಲಿನ ಮೇಲೆ ಕೂರಿಸುತ್ತಿದ್ದರು. ಎಡಗಾಲು ನಡುಗಿದರೆ ಹೌದು, ಬಲಗಾಲು ನಡುಗಿದರೆ ಅಲ್ಲ ಎಂದು ದೊಡ್ಡಕ್ಕ ಗೊತ್ತುಮಾಡಿದಳು. ಅವನು ಬಾಯಿ ಬಿಡುವ ಅಗತ್ಯವೇ ಇರಲಿಲ್ಲ; ಬಿಟ್ಟರೆ ಅಡ್ಡಿಯಾಗುತ್ತಿತ್ತು.

"ಅಪ್ಪಾ, ನನ್ ಮಗಳಿಗೆ ಗಂಡು ಓಮಲೂರು ಕಡೆ ಸಿಗ್ತೈತಾ?"

"ಎಡಗಾಲು! ಸಿಗ್ತೈತೆ ಓಗು!"

"ತಾಯಿ, ಓಮಲೂರಾ, ಸೇಲಂ ಕಡೆನಾ, ಸರಿಯಾಗಿ ಕೇಳಿ."

"ಎರಡೂ ಕಾಲು ನಡುಗ್ತಾ ಐತೆ, ಇಬ್ರು ಬರ್ತಾರೆ, ಆರಿಸ್ಕೋ!"

ಜನ ಸುತ್ತ ಇರುವಾಗ ಟ್ಯೂಬು ಹಾಕಿ ಉಚ್ಚೆ ತೆಗೆಯುವುದು ಹೇಗೆ? "ದೇವರು ಕೂತಿರುವಾಗ ಅದೇನಮ್ಮಿ ಹೊಲಸು" ಎಂದು ಅಂಕಮ್ಮನನ್ನು ತಡೆದರು. ಉಚ್ಚೆ ಕಟ್ಟಿದಷ್ಟೂ ಕಾಲು ಹೆಚ್ಚು ನಡುಗಿತು. ಕಾಲು ನಡುಗಿದಷ್ಟೂ ಜನ ಹೆಚ್ಚು ಬಂದರು. ಪೆನ್ನಾಗರದ ಕಡೆಯಿಂದ, ಹೊಗೆನಕಲ್ಲಿನಿಂದ ಬಂದು ಕೈಮುಗಿದು ನಿಂತವರೆಲ್ಲ ಕೈಮುಗಿದದ್ದು ಒಬ್ಬ ಮನುಷ್ಯನ ತುಂಬಿದ ಮೂತ್ರಕೋಶಕ್ಕೆ. ಸಾಯಂಕಾಲ ಮನೆಗೆ ತಂದಾಗ ಅವನಿಗೆ ತಲೆ ಸಿಡಿಯುತ್ತಿತ್ತು, ಮೈ ಬೆವರುತ್ತಿತ್ತು.

ಒಂದು ಬೆಳಿಗ್ಗೆ ಕನ್ನಡಿಯಲ್ಲಿ ಕೆಂಪು ಕಂಡಿತು. ಅಂಕಮ್ಮ ಬೆರಳಿಂದ ಒತ್ತಿ ನೋಡಿದಳು, ಕೆಂಪು ಹೋಗಲಿಲ್ಲ. ಇಂಥ ಒಂದು ಹುಣ್ಣು ಒಳಗೊಳಗೇ ಮೂಳೆಯವರೆಗೆ ಹೋಗಿ ಸತ್ತವನೊಬ್ಬನನ್ನು ಅವರಿಬ್ಬರೂ ಆಸ್ಪತ್ರೆಯಲ್ಲಿ ಕಣ್ಣಾರೆ ಕಂಡಿದ್ದರು.

ಅವತ್ತು ಅವಳು ಬಾಗಿಲಿಗೆ ಅಗಳಿ ಹಾಕಿದಳು. ಹೊರಗೆ ಗದ್ದಲ. ಶಿವರಾಮನ್‌ಗೆ ಹೇಗೋ ಸುದ್ದಿ ಹೋಗಿ, ಮಧ್ಯಾಹ್ನಕ್ಕೆ ಲಾರಿಯಲ್ಲಿ ಬಂದ. ಹೊತ್ತು ತಂದವರು ಅವನ ಕಾಲನ್ನೂ ಅನುಮಾನದಿಂದ ನೋಡುತ್ತಿದ್ದರು.

"ನಿಮ್ಮೂರೋರು ವಾಸಿ, ತಂಬಿ," ಎಂದ. "ನನ್ ಕಾಲು ಇಂಗೇ ಕುಣೀತು, ತೊಪ್ಪೂರಾಗೆ ಕುಡಿದವ್ನೆ ಅಂದ್ರು. ಸರಿ, ಆದದ್ದು ಆಯ್ತು. ನಾಡಿದ್ದು ಅಮಾಸೆ. ಆ ಸುಬ್ಬರಾಯನ್ ಬಂದು ಕೇಳ್ತಾನಲ್ಲ, ಆವಾಗ ಕಣ್ಣು ಮುಚ್ಚು, ಒಂದು ಗುಟುರು ಆಕು, 'ಈ ಕಲ್ಲು ತೆಗೀರಿ, ನಂಗೆ ಇಳಿಜಾರು ಬೇಕು' ಅನ್ನು. ಸಾಯಂಕಾಲದೊಳಗೆ ಸಿಮೆಂಟು ಬಂದಿರ್ತೈತೆ. ಮುಡಿಞ್ಚುದು, ಕೆಲಸ ಮುಗೀತು."

ಅಂಕಮ್ಮ ಗಂಡನ ಮುಖ ನೋಡಿದಳು. "ಒಂದೇ ಮಾತು," ಎಂದಳು ಮೆಲ್ಲಗೆ. "ನಾನು ಎಲ್ಲಾರ ಕಾಲು ಹಿಡಿದಾಯ್ತು. ಒಂದ್ಸಲ ಅಂದುಬುಡು. ಮಾದಪ್ಪಂಗೆ ತಪ್ಪುಕಾಣಿಕೆ ನಾನು ಕಟ್ತೀನಿ."

ಜಡೆಯಪ್ಪ ಬೋರಲು ಮಲಗಿದ್ದ. ಕೆಂಪಾದ ಕಡೆ ಗಾಳಿಯಾಡಲಿ ಎಂದು. ದಿಂಬಿನಿಂದ ಮುಖ ಎತ್ತಿ ಹೇಳಿದ: "ಅಪ್ಪನ ಎಸರಾಗೆ ದಾರಿ ತಕೊಂಡ್ರೆ ಆ ದಾರೀಲಿ ಅಪ್ಪನೇ ಓಡಾಡ್ಬೇಕು, ಅಂಕಿ. ನನ್ನ ಬುಡ್ತಾರಾ? ದಿನಾ ಆ ದಾರಿ ಮೇಲೆ ಕೂರಿಸಿ ಕೋಳಿ ಎಲ್ಲಿ, ಗಂಡು ಎಲ್ಲಿ ಅಂತಾರೆ. ಪಂಚರ್ ಆಕೋನು ಯಾವನು? ನಂಗೆ ಬೇಕಾಗಿರೋದು ಜಡೆಯಪ್ಪ ಇಳಿಯೋ ದಾರಿ."

ಶಿವರಾಮನ್ ಬಹಳ ಹೊತ್ತು ಬೈದ. ಬೈದು, ಅಂಕಮ್ಮನ ಕೈಯ ರಾಗಿಮುದ್ದೆ ತಿಂದು, "ಪೈತ್ಯಕಾರ" ಎಂದು ಹೇಳಿ ಹೋದ. ಹುಚ್ಚ ಎಂದರ್ಥ. ಅವನ ಬಾಯಲ್ಲಿ ಅದು ಬೈಗುಳವಾಗಿರಲಿಲ್ಲ.

ಅಮಾವಾಸ್ಯೆಯ ದಿನ ಜಡೆಯಪ್ಪ ತಾನೇ ಬರುತ್ತೇನೆಂದ. ಆದರೆ ಕುರ್ಚಿಯಲ್ಲಿ, ಮೆತ್ತೆಯ ಮೇಲೆ, ಟ್ಯೂಬು ಹಾಕಿ ಉಚ್ಚೆ ತೆಗೆದ ಮೇಲೆ. ಮೆಟ್ಟಿಲ ಮೇಲಿನ ತುದಿಯಲ್ಲಿ ಕುರ್ಚಿ ನಿಲ್ಲಿಸಿಕೊಂಡ. ಕಾಲುಗಳು ಸುಮ್ಮನಿದ್ದವು. ಜನ ಕಾದರು. ಕರ್ಪೂರ ಹಚ್ಚಿದರು, ಉಘೇ ಎಂದರು, ದೊಡ್ಡಕ್ಕ ಗಂಟೆ ಬಾರಿಸಿದಳು. ಕಾಲು ಅಲುಗಲಿಲ್ಲ.

ಸುಬ್ಬರಾಯನ್ ಮುಂದೆ ಬಂದ. ಅವತ್ತು ಪೆನ್ನಾಗರದ ಪಾರ್ಟಿಯವರನ್ನು ಬೇರೆ ಕರೆತಂದಿದ್ದ. "ಅಪ್ಪಾ, ಯಾಕೆ ಮುನಿಸು? ನಿಂಗೇನು ಬೇಕು ಕೇಳು. ಗುಡಿ ಬೇಕಾ? ಕಟ್ಟಿಸ್ತೀವಿ. ಈ ಕಲ್ಲು ಸಾಲ್ದಾ? ತೆಗ್ದು ಬೇರೆ ಆಕ್ಸಾನಾ? ಬಾಯ್ಬುಟ್ಟು ಹೇಳು."

ಅಂಕಮ್ಮ ನನ್ನ ಪಕ್ಕದಲ್ಲಿ ನಿಂತಿದ್ದಳು. ಅನ್ನು ಎನ್ನುವಂತೆ ಗಂಡನ ಕಡೆ ಗದ್ದ ಎತ್ತಿದಳು. ಮಾತು ಅವನ ಬಾಯಿಗೆ ಸಿಕ್ಕಿಸಿಟ್ಟ ಹಾಗಿತ್ತು. ಬರೀ ಹೂಂ ಅಂದರೂ ಸಾಕಿತ್ತು.

"ಮಾಮ, ಹತ್ರ ಬಾ," ಎಂದ ಜಡೆಯಪ್ಪ. "ನನ್ ಅಂಗಾಲಿಗೆ ಬೆರಳಾಗೆ ಒಂದು ಗೀರು ಗೀರು."

ಸುಬ್ಬರಾಯನ್ ಅನುಮಾನಿಸುತ್ತಾ ಗೀರಿದ. ಕಾಲು ಚಂಗನೆ ಎಗರಿ ಪಟಪಟ ನಡುಗಿತು. "ಉಘೇ!" ಎಂದು ಜನ ಕೂಗಿದರು.

"ಇರ್ರಪ್ಪ. ಇನ್ನೊಂದ್ಸಲ ಗೀರು ಮಾಮ." ಮತ್ತೆ ನಡುಗಿತು. ಈ ಸಲ ಕೂಗು ಸ್ವಲ್ಪ ಕಡಿಮೆಯಿತ್ತು. "ದೊಡ್ಡಕ್ಕ, ನೀನೂ ಬಾ. ನೀನು ಗೀರಿದ್ರೂ ಬತ್ತಾನೆ ದೇವರು. ಶಾಲೆ ಮೇಷ್ಟ್ರು ಗೀರಿದ್ರೂ ಬತ್ತಾನೆ. ಕೋಳಿ ಕೆದಕಿದ್ರೂ ಬತ್ತಾನೆ. ನಿಮ್ ಬೆರಳಿಗೆ ಕುಣಿಯೋನು ಮಾದಪ್ಪನಾ?"

ಮುಗಿದ ಕೈಗಳು ಒಂದೊಂದಾಗಿ ಕೆಳಗಿಳಿದವು.

"ಕೇಳ್ತಾ ಇರೋನು ದೇವರಲ್ಲ, ನಾನು, ಚಿಕ್ಕಮಾದಯ್ಯನ ಮಗ ಜಡೆಯಪ್ಪ. ಗುಡಿ ಬ್ಯಾಡ. ನನ್ ಕುರ್ಚಿ ಇಳಿಯೋಕೆ ಒಂದು ಇಳಿಜಾರು ಮಾಡ್ಕೊಡಿ. ಆಗ್ತೈತಾ, ಇಲ್ವಾ?"

ನಮ್ಮೂರಿನವರ ಮುಖಗಳನ್ನು ಆಗ ನೋಡಬೇಕಿತ್ತು. ಕುಂಟನಾದದ್ದಕ್ಕೆ ಅವನನ್ನು ಕ್ಷಮಿಸಿದ್ದವರು ದೇವರಾಗದೆ ಹೋದದ್ದಕ್ಕೆ ಕ್ಷಮಿಸಲಿಲ್ಲ. "ಊರ ಮರ್ಯಾದೆ ತೆಗೆದುಬುಟ್ಯಲ್ಲೋ," ಎಂದ ಸುಬ್ಬರಾಯನ್, ಪಾರ್ಟಿಯವರ ಕಡೆ ನೋಡುತ್ತಾ. ದೊಡ್ಡಕ್ಕ ಗಂಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು, "ಅಪ್ಪ ಇದ್ದ. ಇವಳ ಬಾಯಿಗೆ ಎದರಿ ಓಗ್ಬುಟ್ಟ," ಎಂದು ಅಂಕಮ್ಮನನ್ನು ತೋರಿಸಿದಳು. ಕರ್ಪೂರ ಆರುವ ಮುಂಚೆಯೇ ಎಲ್ಲರೂ ಚದುರಿದರು. ಇಳಿಜಾರಿನ ಮಾತಿಗೆ ಯಾರೂ ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

ಅಂಕಮ್ಮ ಮೂರು ದಿನ ಗಂಡನ ಜೊತೆ ಮಾತಾಡಲಿಲ್ಲ. ಕನ್ನಡಿ ಮಾತ್ರ ಹಿಡಿಯುತ್ತಿದ್ದಳು. ಕೆಂಪು ಮೆಲ್ಲಗೆ ಇಳಿಯಿತು. ನಾಲ್ಕನೆಯ ದಿನ ಅವನನ್ನು ಬೆನ್ನ ಮೇಲೆ ಹೊತ್ತು ತಾನೇ ಮೆಟ್ಟಿಲಿಳಿಸಿದಳು, ಆಮೇಲೆ ಹತ್ತಿಬಂದು ಕುರ್ಚಿಯನ್ನು ಮಡಿಸಿ ತೆಗೆದುಕೊಂಡು ಹೋದಳು. ಹುಣಸೆಮರದ ಕೆಳಗೆ ಒಂದು ತೊಟ್ಟಿ ನೀರು, ಒಂದು ಪಂಪು. ಊರಿನವರು ಪಂಚರಾದರೆ ಸೈಕಲ್ಲು ತಳ್ಳಿಕೊಂಡು ಮೇಚೇರಿಗೇ ಹೋಗುತ್ತಿದ್ದರು. ದಾರಿಹೋಕರು ಬಂದರು. ಅವರಿಗೆ ಇವನು ದೇವರೂ ಅಲ್ಲ, ಪಾವಂ ಕೂಡ ಅಲ್ಲ; "ಅಣ್ಣಾ, ಬೇಗ ಆಕಿಕೊಡು" ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ಅವನು ಅವಳ ಬೆನ್ನ ಮೇಲಿನ ನಾಚಿಕೆಯನ್ನೆಲ್ಲ ನುಂಗಿದ.

ಮಾರನೆಯ ವರ್ಷ ಸುಬ್ಬರಾಯನ್ ಬಜಾಜ್ ಸ್ಕೂಟರ್ ತೆಗೆದುಕೊಂಡ. ಪೂಜೆ ಮಾಡಿಸಿ, ನಿಂಬೆಹಣ್ಣು ಚಕ್ರದಡಿ ಇಟ್ಟು ಹಿಂಡಿಸಿ, ಮೆಟ್ಟಿಲ ಬಳಿಗೆ ತಂದ. ಸ್ಕೂಟರ್ ಹತ್ತಲಿಲ್ಲ. ನಾಲ್ವರು ಎತ್ತಿದರು, ಎರಡನೆಯ ದಿನ ಇಬ್ಬರು ಬಂದರು. ಮೂರನೆಯ ದಿನ ಸ್ಕೂಟರನ್ನು ರಸ್ತೆಯಲ್ಲೇ ನಿಲ್ಲಿಸಬೇಕಾಯಿತು, ಆ ಹೊತ್ತಿನೊಳಗೆ ಯಾರೋ ಅದರ ಕನ್ನಡಿ ಬಿಚ್ಚಿಕೊಂಡು ಹೋದರು. ಆ ವಾರವೇ ಅಪ್ಪನ ಕಲ್ಲನ್ನು ಹಾರೆಯಿಂದ ಮೀಟಿ ಎಬ್ಬಿಸಿದರು. ಅಪ್ಪ ಏನೂ ಅನ್ನಲಿಲ್ಲ. ದೊಡ್ಡಕ್ಕನೂ ಏನೂ ಅನ್ನಲಿಲ್ಲ. ಕೆಲಸದವರಿಗೆ ಮಜ್ಜಿಗೆ ಕೊಟ್ಟಳು. ಅಷ್ಟು ದಿನ ಒಬ್ಬ ಮನುಷ್ಯನಿಗಾಗಿ ಆಗದ್ದು, ದೇವರ ಹೆಸರಿಗೆ ಆಗಬಹುದಾಗಿದ್ದದ್ದು, ಒಂದು ಸ್ಕೂಟರಿಗಾಗಿ ಆಯಿತು. ಸಿಮೆಂಟಿನ ಇಳಿಜಾರು, ಎರಡು ಗೋಡೆಯ ನಡುವೆ ಪೂರ್ತಿ.

ಅದಕ್ಕೆ ಟೇಪು ಕಟ್ಟಿ, ಸುಬ್ಬರಾಯನ್ ಎಲ್ಲರೆದುರು, "ನಮ್ಮ ಜಡಿಯನ ಕಷ್ಟ ನೋಡೋಕಾಗದೆ ಊರೇ ಸೇರಿ ಮಾಡಿದ್ದು," ಎಂದ. ಫೋಟೋಗೆ ಕರೆದರು. ಜಡೆಯಪ್ಪ ಮರದ ಕೆಳಗಿಂದಲೇ, "ಗಿರಾಕಿ ಅವ್ನೆ ಮಾಮ," ಎಂದ.

ಇಳಿಜಾರು ಸ್ಕೂಟರಿಗೆ ತಕ್ಕಷ್ಟು, ಕುರ್ಚಿಗೆ ಕಡಿದು. ಇಳಿಯುವಾಗ ಗಾಲಿ ಹಿಡಿದು ಅಂಗೈ ಸುಟ್ಟುಕೊಳ್ಳುತ್ತಾನೆ. ಹತ್ತುವಾಗ ಈಗಲೂ ಅಂಕಮ್ಮ ತಳ್ಳಬೇಕು. ಆದರೆ ಬೆಳಿಗ್ಗೆ ಅವನು ಯಾರನ್ನೂ ಕಾಯದೆ ಹೊರಡುತ್ತಾನೆ.

ಮೊನ್ನೆಯ ಅಮಾವಾಸ್ಯೆಗೆ ಬೆಟ್ಟಕ್ಕೆ ಹೊರಟವರು ಸಿಮೆಂಟಿನ ಮೇಲೇ ಕರ್ಪೂರ ಹಚ್ಚಿದ್ದರು. ಜಡೆಯಪ್ಪ ಅಂಗಡಿಗೆ ಹೊರಟು ಮೇಲೆ ಬಂದು ನಿಂತ. "ಇರ್ಲಾ, ಅಪ್ಪನ ಕರ್ಪೂರ ಉರೀತೈತೆ, ಕಣ್ ಕಾಣಲ್ವಾ?" ಎಂದಳು ದೊಡ್ಡಕ್ಕ. ಅಷ್ಟರಲ್ಲಿ ಹಿಂದಿನಿಂದ ಸ್ಕೂಟರ್ ಹಾರ್ನ್ ಹೊಡೆಯಿತು. ಎಲ್ಲರೂ ದಡಬಡ ಗೋಡೆಗೆ ಒತ್ತಿಕೊಂಡರು. ದೊಡ್ಡಕ್ಕ ಎಲ್ಲರಿಗಿಂತ ಮೊದಲು. ಸುಬ್ಬರಾಯನ್ ಕರ್ಪೂರದ ಪಕ್ಕದಲ್ಲೇ ಗಾಲಿ ಹಾಯಿಸಿಕೊಂಡು ಇಳಿದುಹೋದ. ಉರಿ ಒಂದು ಕಡೆಗೆ ವಾಲಿ ಮತ್ತೆ ನೆಟ್ಟಗಾಯಿತು.

ದಾರಿ ತೆರೆದಿತ್ತು. ಜಡೆಯಪ್ಪ ಇಳಿಯಲಿಲ್ಲ. ಗಾಲಿಗೆ ಬ್ರೇಕು ಹಾಕಿ, ಕೈಮುಗಿದು, ಕರ್ಪೂರ ತಾನಾಗಿ ಆರುವವರೆಗೆ ಕಾದ. ಕೆಳಗೆ ಮರದ ಹತ್ತಿರ ಪಂಚರಾದ ಸೈಕಲ್ಲು ಹಿಡಿದು ನಿಂತಿದ್ದವನೊಬ್ಬ, "ಅಣ್ಣಾ, ಹೊತ್ತಾಯ್ತು," ಎಂದು ಕೂಗಿದ.

"ಬಂದೆ ಇರಪ್ಪ," ಎಂದು ಬ್ರೇಕು ಬಿಟ್ಟ.